ಪುಕ್ಕಟೆ ದುಡಿಯೋಕೆ 39 ಕ್ವಿಂಟಲ್ ಸೋಯಾ

ಮೇಲ್ ಬಂದ ದಿನ ಮನೆಯಲ್ಲಿ ಪೇಡೆ ಹಂಚಿದರು. ಜರ್ಮನಿಯ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನಾಲ್ಕು ತಿಂಗಳ ಇಂಟರ್ನ್‌ಶಿಪ್. ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಇಂಜಿನಿಯರಿಂಗ್ ಓದಿದ ಹುಡುಗಿಯರೇ ಕಡಿಮೆ, ಇನ್ನು ವಿಮಾನ ಹತ್ತಿದವರು ಯಾರೂ ಇರಲಿಲ್ಲ. ಮೇಲ್‌ನ ಕೊನೇ ಸಾಲು ನಾನು ಸರಿಯಾಗಿ ಓದಿದ್ದು ಸಂಜೆ. ಸ್ಟೈಪೆಂಡ್ ಇಲ್ಲ ಅಂತ ಇತ್ತು.

"ಅಂದ್ರ ಪಗಾರ ಕೊಡಂಗಿಲ್ಲ?" ಅಪ್ಪ ಕೇಳಿದರು.

"ಇಲ್ಲಪ್ಪಾ, ಕಲಿಲಾಕ ಹೋಗೋದು."

"ಮತ್ತ ಅಲ್ಲಿ ಉಣ್ಣೋದು, ಇರೋದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ವೀಸಾದ ಪಟ್ಟಿಯಲ್ಲಿ. ಬ್ಲಾಕ್ಡ್ ಅಕೌಂಟ್ ಅಂತ ಒಂದಿದೆ. ಅಲ್ಲಿ ಬದುಕೋಕೆ ಬೇಕಾದ ಹಣ ಮೊದಲೇ ಅದರಲ್ಲಿ ಇಡಬೇಕು, ಹೋದ ಮೇಲೆ ತಿಂಗಳಿಗೆ ಇಷ್ಟು ಅಂತ ಬಿಡುತ್ತಾರೆ. ನಾನು ಹೊರಟ 2025ರಲ್ಲಿ ಆ ಮೊತ್ತ ತಿಂಗಳಿಗೆ 992 ಯೂರೋ. ಅಂದರೆ ತಿಂಗಳಿಗೆ ಇಷ್ಟಿಲ್ಲದೆ ನಮ್ಮಲ್ಲಿ ಬದುಕೋಕೆ ಆಗಲ್ಲ ಅಂತ ಆ ದೇಶದ ಸರ್ಕಾರವೇ ಬರೆದುಕೊಟ್ಟಿದೆ. ಅದೇ ದೇಶದ ಲ್ಯಾಬು ಕೊಡೋದು ಸೊನ್ನೆ. ಎರಡೂ ಕಾಗದ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಅಪ್ಪ ಎಲ್ಲ ಲೆಕ್ಕವನ್ನೂ ಸೋಯಾದಲ್ಲೇ ಹಾಕುತ್ತಾರೆ. ಯೂರೋ ಆಗ ಸುಮಾರು 90 ರೂಪಾಯಿ. ನಾಲ್ಕು ತಿಂಗಳಿಗೆ ಮೂರೂವರೆ ಲಕ್ಷ ದಾಟಿತು. ಕ್ವಿಂಟಲಿಗೆ 4,892 ಬೆಂಬಲ ಬೆಲೆ ಹಿಡಿದರೂ 73 ಕ್ವಿಂಟಲ್. ಆ ಹಂಗಾಮಿನಲ್ಲಿ ಅಡತ್ ಅಂಗಡಿಯಲ್ಲಿ ಅಷ್ಟೂ ಬೆಲೆ ಸಿಗಲಿಲ್ಲ, ಅದು ಬೇರೆ ಮಾತು. ನಮ್ಮ ಐದು ಎಕರೆಯಲ್ಲಿ ಒಂದು ವರ್ಷಕ್ಕೆ ಅದರ ಅರ್ಧ ಬಂದರೆ ಪುಣ್ಯ.

ಬ್ಯಾಂಕಿಗೆ ಹೋದೆವು. ಸೀಟಿಲ್ಲ, ಫೀಸಿಲ್ಲ, ಇದಕ್ಕೆ ಶಿಕ್ಷಣ ಸಾಲ ಬರಲ್ಲ ಅಂದರು. ಅದೇ ಬ್ಯಾಂಕಿನ ಪಕ್ಕದ ಕೌಂಟರಿನಲ್ಲಿ ಅವ್ವನ ಬಂಗಾರದ ಪಾಟಲಿ, ಬೋರಮಾಳ ಅಡವಿಟ್ಟೆವು. ಉಳಿದದ್ದು ಸೋದರಮಾವ ಕೈಗಡ ಕೊಟ್ಟರು.

ಅಷ್ಟರಲ್ಲಿ ನಾನು ಪ್ರೊಫೆಸರಿಗೆ ಸ್ಟೈಪೆಂಡ್ ಕೇಳಿ ಬರೆದಿದ್ದೆ. ನಿಧಿ ಇಲ್ಲ ಅಂತ ಮರ್ಯಾದೆಯಿಂದ ಉತ್ತರ ಬಂತು. ಒಂದು ವಾರ ಸುಮ್ನೆ ಕೂತೆ. ಆಮೇಲೆ ನನ್ನ ಖರ್ಚಿನ ಪುಟವನ್ನೇ ಟೈಪ್ ಮಾಡಿ ಕಳಿಸಿದೆ: ವಿಮಾನ ಇಷ್ಟು, ಊಟ ಇಷ್ಟು, ವಿಮೆ ಇಷ್ಟು, ಬಾಡಿಗೆ 360 ಯೂರೋ. ಇದರಲ್ಲಿ ಬಾಡಿಗೆ ಒಂದಕ್ಕೆ ಏನಾದರೂ ದಾರಿ ಇದೆಯಾ ಅಂತ ಕೇಳಿದೆ. ಎರಡು ದಿನಕ್ಕೆ ಉತ್ತರ. ವಿಶ್ವವಿದ್ಯಾಲಯದ ಅತಿಥಿ ಗೃಹದಲ್ಲಿ ಕೋಣೆ ಪುಕ್ಕಟೆ ಕೊಡಿಸುತ್ತೇನೆ ಅಂದಿದ್ದರು. ಸುಮ್ಮನೆ 'ದುಡ್ಡು ಕೊಡಿ' ಅಂದರೆ ಅವರ ಕೈಯಲ್ಲಿ ಏನೂ ಇರಲ್ಲ, ಕೋಣೆ ಅಂದರೆ ಇರುತ್ತೆ. ನಾಲ್ಕು ತಿಂಗಳಿಗೆ ಅದರಲ್ಲೇ 1.3 ಲಕ್ಷ ಉಳಿಯಿತು.

ಬೀದರಿಗೆ ಹೈದರಾಬಾದ್ ಹತ್ತಿರ, ವಿಮಾನ ಹತ್ತಿದ್ದೂ ಅಲ್ಲಿಂದಲೇ. ಆದರೆ ಕರ್ನಾಟಕದ ವಿಳಾಸದವರಿಗೆ ವೀಸಾ ನೋಡುವ ಜರ್ಮನಿ ಕಾನ್ಸುಲೇಟ್ ಇರೋದು ಬೆಂಗಳೂರಿನಲ್ಲಿ. ಯಶವಂತಪುರದ ರೈಲಿನಲ್ಲಿ ರಾತ್ರಿಯಿಡೀ ಹೋಗಿ ಬಂದೆ, ಅದೂ ಎರಡು ಸಲ, ಒಂದು ಕಾಗದ ಕಮ್ಮಿ ಬಿದ್ದಿದ್ದಕ್ಕೆ.

ಲ್ಯಾಬಿನಲ್ಲಿ ಕೆಲಸ ಮಣ್ಣಿನದು. ತೇವ ಅಳೆಯುವ ಸೆನ್ಸರ್ ಸರಿ ಹೇಳುತ್ತಿದೆಯಾ ಅಂತ ನೋಡಬೇಕು. ಹಸಿ ಮಣ್ಣು ತೂಗೋದು, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸೋದು, ಮತ್ತೆ ತೂಗೋದು, ಬರೆಯೋದು. ಬೆಳಿಗ್ಗೆ ಒಲೆಯ ಬಾಗಿಲು ತೆಗೆದರೆ ಮೊದಲ ಮಳೆಯ ಹೊಲದ ವಾಸನೆ ಬರೋದು. ಮಧ್ಯಾಹ್ನ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಕಲಿತೆ, ಸುಳ್ಳಲ್ಲ. ಆದರೆ ನಾನು ತೂಗದಿದ್ದರೆ ಬೇರೆ ಯಾರಾದರೂ ಸಂಬಳ ತಗೊಂಡು ತೂಗಬೇಕಿತ್ತು, ಅದೂ ಸುಳ್ಳಲ್ಲ.

ಪಕ್ಕದ ಮೇಜಿನಲ್ಲಿ ಸ್ಪೇನಿನ ಹುಡುಗಿ ಇದ್ದಳು. ಅದೇ ಕೆಲಸ, ಅದೇ ತಕ್ಕಡಿ. ಅವಳಿಗೆ ಎರಾಸ್ಮಸ್, ಅಂದರೆ ಬೇರೆ ದೇಶಕ್ಕೆ ಕಲಿಯಲು ಹೋಗುವವರಿಗೆ ಯುರೋಪಿನ ಒಕ್ಕೂಟ ಕೊಡುವ ಹಣ, ಬರುತ್ತಿತ್ತು. 2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಸಂಬಳವಿಲ್ಲದ ಇಂಟರ್ನ್ ಒಬ್ಬ ಟೆಂಟಿನಲ್ಲಿ ಇದ್ದ ಸುದ್ದಿ ಹೇಳಿದ್ದು ಅವಳೇ. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಇಂಟರ್ನ್‌ಗಳಿಗೆ ಹಣ ಕೊಡೋಕೆ ಶುರು ಮಾಡಿತು. ಮನಸ್ಸು ಮಾಡಿದರೆ ಆಗುತ್ತೆ, ಅಲ್ವಾ?

ಇನ್ನೊಂದು ವಿಷಯವೂ ಅವಳಿಂದಲೇ ಗೊತ್ತಾಯಿತು. ಜರ್ಮನಿಯಲ್ಲಿ 2015ರಿಂದ ಕನಿಷ್ಠ ಕೂಲಿ ಕಾನೂನು ಇದೆ. ನಾನಿದ್ದಾಗ ಗಂಟೆಗೆ 12.82 ಯೂರೋ. ಸ್ವಂತ ಇಚ್ಛೆಯ ಇಂಟರ್ನ್‌ಶಿಪ್ ಮೂರು ತಿಂಗಳು ದಾಟಿದರೆ ಅದನ್ನು ಕೊಡಲೇಬೇಕು. ಕೋರ್ಸಿನಲ್ಲಿ ಕಡ್ಡಾಯ ಆಗಿದ್ದರೆ ಕೊಡಬೇಕಿಲ್ಲ. ಹೊರಡುವ ಮುಂಚೆ ಲ್ಯಾಬಿನವರು ಕಾಲೇಜಿನಿಂದ 'ಕಡ್ಡಾಯ' ಅಂತ ಪತ್ರ ಕೇಳಿದ್ದರು. ನಾನೇ ಆಫೀಸಿಗೆ ನಾಲ್ಕು ಸಲ ಅಲೆದು, ಸೀಲು ಹಾಕಿಸಿ, ಖುಷಿಯಿಂದ ಕಳಿಸಿದ್ದೆ! ಸುಳ್ಳು ಪತ್ರವೇನಲ್ಲ, ನಮಗೆ ಕಡ್ಡಾಯವೇ. 640 ಗಂಟೆ ದುಡಿದೆ. ಗುಣಿಸಿ ನೋಡಿದರೆ 8,205 ಯೂರೋ. ಆ ರಾತ್ರಿ ನಿದ್ದೆ ಬರಲಿಲ್ಲ.

ಇಂಟರ್ನ್‌ಗಳ ಖರ್ಚು ಕೊಡುವ ಯೋಜನೆಗಳೂ ಇದ್ದವು. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್‌ನವರ (DAAD) ವೈಸ್, ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್. ಅರ್ಜಿ ಹಾಕಬೇಕಿದ್ದದ್ದು ಹೋಗುವ ಹಿಂದಿನ ವರ್ಷವೇ. ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ.

ನನ್ನ ಕ್ಲಾಸಿನ ಔರಾದ್ ಹುಡುಗನಿಗೂ ಇಂಥದ್ದೇ ಮೇಲ್ ಬಂದಿತ್ತು. ಅಂಕ ನನಗಿಂತ ಜಾಸ್ತಿ. ಅವನಪ್ಪ ಗೌಂಡಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ಅಡವಿಡೋಕೆ ಬಂಗಾರ ಇಲ್ಲ. ಅವನು ಆ ಮೇಲನ್ನು ಮನೆಯಲ್ಲಿ ತೋರಿಸಲೇ ಇಲ್ಲವಂತೆ.

ವಾಪಸ್ ಬಂದು ಅಪ್ಪನ ಜೊತೆ ಲೆಕ್ಕ ಮುಗಿಸಿದೆ. ವಿಮಾನ, ವೀಸಾ, ವಿಮೆ, ಊಟ, ತಿಂಗಳಿಗೆ 58 ಯೂರೋದ ರೈಲು ಪಾಸು, ಒಂದು ದಪ್ಪ ಕೋಟು, ಎಲ್ಲ ಸೇರಿ 1.9 ಲಕ್ಷ. "39 ಕ್ವಿಂಟಲ್," ಅಂದರು ಅಪ್ಪ. ಅಕೌಂಟಿನಲ್ಲಿ ಉಳಿದದ್ದರಲ್ಲಿ ಮಾವನ ಕೈಗಡ ತೀರಿತು. ಬೋರಮಾಳ ಬಿಡಿಸಿಕೊಂಡೆವು. ಪಾಟಲಿ ಇನ್ನೂ ಬ್ಯಾಂಕಿನಲ್ಲೇ ಇದೆ, ತೊಗರಿ ಬಂದ ಮೇಲೆ ನೋಡೋಣ ಅಂದಿದ್ದಾರೆ.