ದಸರೆಯ ಮೊದಲ ವಾರ ರೂಮ್ ತುಂಬಿಸಿದ್ದು ಹೇಗೆ: ನನ್ನ ಅನುಭವ

ಮೈಸೂರಿನ ಗಾಂಧಿ ಚೌಕದ ಹತ್ತಿರ ನಮ್ಮದೊಂದು ಸಣ್ಣ ಲಾಡ್ಜ್. ಆಯುಧಪೂಜೆ, ವಿಜಯದಶಮಿಗೆ ರೂಮ್ ತಾನಾಗೇ ತುಂಬುತ್ತವೆ. ನನ್ನ ಚಿಂತೆಯೆಲ್ಲ ನವರಾತ್ರಿಯ ಮೊದಲ ವಾರದ್ದು. ಆಗ ರೂಮ್ ಖಾಲಿ ಬಿದ್ದರೆ, ಹಬ್ಬಕ್ಕೆ ಅಂತ ಕರೆಸಿಕೊಂಡ ಕೆಲಸದವರಿಗೆ ಎರಡು ಮೂರು ದಿನದ ಕೂಲಿ ಕೊಟ್ಟು ಕಳಿಸಬೇಕು. ಅಷ್ಟಕ್ಕೆ ಯಾರು ತಾನೇ ಊರು ಬಿಟ್ಟು ಬರುತ್ತಾರೆ?

ಹಾಗಾಗಿ ಬುಕಿಂಗ್‌ಗೆ ಫೋನ್ ಮಾಡಿದವರನ್ನು ಮೊದಲು ಕೇಳುವುದೇ, "ಜೊತೆಗೆ ಮಕ್ಕಳು, ವಯಸ್ಸಾದವರು ಇದ್ದಾರಾ?" ಅಂತ. ಇದ್ದರೆ, ಮೊದಲ ವಾರವೇ ಬನ್ನಿ ಅನ್ನುತ್ತೇನೆ. ಅರಮನೆಯ ಸುಮಾರು 1 ಲಕ್ಷ ದೀಪ ದಿನಾ ಸಂಜೆ ಹೊತ್ತುತ್ತವೆ. ಅರಮನೆ ಮುಂದೆ ಸಂಗೀತ ಕಛೇರಿ ಇರುತ್ತದೆ, ಟಿಕೆಟ್ ಇಲ್ಲ. ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ, ಜೊತೆಗೆ ಆಹಾರ ಮೇಳ, ಕುಸ್ತಿ. ನೂಕುನುಗ್ಗಲಿಲ್ಲದೆ ನೋಡಬಹುದು. ಆ ದಿನಗಳಿಗೆ ಬಾಡಿಗೆಯನ್ನೂ ಏರಿಸುವುದಿಲ್ಲ.

ಬಾಡಿಗೆ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಬೆಂಗಳೂರು ಇಲ್ಲಿಗೆ ಸುಮಾರು 145 ಕಿಲೋಮೀಟರ್. ಸಿಕ್ಕಾಪಟ್ಟೆ ರೇಟು ಹೇಳಿದರೆ ಜನ ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗುತ್ತಾರೆ. ಊರಿಗೆ ಸಿಗುವುದು ನೀರಿನ ಬಾಟಲಿ, ಚುರುಮುರಿ ದುಡ್ಡು ಅಷ್ಟೇ. ಒಂದು ರಾತ್ರಿ ಉಳಿದರೆ ಲೆಕ್ಕವೇ ಬೇರೆ. ಬೆಳಗಿನ ತಿಂಡಿ, ಚಾಮುಂಡಿ ಬೆಟ್ಟಕ್ಕೆ ಆಟೋ, ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ, ಊರಿಗೆ ಒಯ್ಯಲು ಮೈಸೂರು ಪಾಕ್. ನಮ್ಮಲ್ಲಿ ದಿನಾ ಹಾಸಿಗೆ ಬಟ್ಟೆ ಬದಲಾಗುತ್ತದೆ. ನಮ್ಮ ಧೋಬಿ ಆ ಹತ್ತು ದಿನ ತಮ್ಮ ಭಾಮೈದನನ್ನೂ ಇಸ್ತ್ರಿಗೆ ನಿಲ್ಲಿಸುತ್ತಾರೆ. ಬೆಳಿಗ್ಗೆ ಆರಕ್ಕೇ ಗಂಟು ತಂದು, ಬೆಡ್‌ಶೀಟ್ ಒಂದು ಕಡೆ, ದಿಂಬಿನ ಕವರ್ ಒಂದು ಕಡೆ ಎಣಿಸಿಟ್ಟು, ಲೆಕ್ಕ ಪುಸ್ತಕಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡೇ ಹೋಗುವುದು.

ವಿಜಯದಶಮಿ ದಿನದ್ದು ಬೇರೆಯೇ ಕೆಲಸ. 750 ಕೆಜಿ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ನಡೆಯುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿಯಲು ನಮ್ಮ ಗಿರಾಕಿಗಳು ಬೆಳಿಗ್ಗೆಯೇ ಹೊರಡುತ್ತಾರೆ. ಒಮ್ಮೆ ಕೂತರೆ ಊಟಕ್ಕೆ ಏಳುವಂತಿಲ್ಲ. ಪಕ್ಕದ ಬೀದಿಯ ಅಕ್ಕ ಒಬ್ಬರಿಗೆ ಪುಳಿಯೋಗರೆ, ಮೊಸರನ್ನ ಪೊಟ್ಟಣ ಕಟ್ಟಿಕೊಡಿ ಅಂದೆ. ಬಾಳೆಲೆ ಬಾಡಿಸಿ ಕಟ್ಟಿದರು, ಒಂದು ಹನಿ ಸೋರಲಿಲ್ಲ. ದಸರೆ ಮುಗಿದರೂ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ಸುಮಾರು 3 ತಿಂಗಳು ನಡೆಯುತ್ತದಲ್ವಾ, ಈಗ ಶಾಲಾ ಪ್ರವಾಸದವರ ಊಟದ ಆರ್ಡರ್ ಕೂಡ ಅವರದ್ದೇ. ಕೈಕೆಳಗೆ ಇಬ್ಬರು ಹೆಂಗಸರಿದ್ದಾರೆ.

2020ರಲ್ಲಿ ಕೊರೋನಾದಿಂದ ಜಂಬೂಸವಾರಿ ಅರಮನೆ ಆವರಣದೊಳಗೇ ಮುಗಿಯಿತು. ಅಂಬಾರಿ ಹೊರಟಿತು, ಪೂಜೆಯೂ ಆಯಿತು. ಆದರೆ ಧೋಬಿಗೆ ಕೊಡಲು ನನ್ನ ಹತ್ತಿರ ಒಂದು ಗಂಟು ಬಟ್ಟೆ ಇರಲಿಲ್ಲ.

ಹಬ್ಬಕ್ಕೆ ಅಂತ ಸೇರಿದ ಹುಣಸೂರು ಕಡೆಯ ಹುಡುಗನೊಬ್ಬ ಕೇಳಿದ್ದ, "ಮೇಡಂ, ದಸರಾ ಆದ್ಮೇಲೆ ನಂಗೆ ಕೆಲ್ಸ ಇರುತ್ತಾ?" ಆ ಮಾತು ಮನಸ್ಸಿಗೆ ನಾಟಿತು. ವಸ್ತುಪ್ರದರ್ಶನ, ಕ್ರಿಸ್‌ಮಸ್ ರಜೆ ಎರಡಕ್ಕೂ ಸೇರಿಸಿ ರೂಮ್ ಬುಕಿಂಗ್ ಹಿಡಿಯಲು ಶುರು ಮಾಡಿದೆ. ಈಗ ಹಬ್ಬದ ಹುಡುಗರಿಗೆ ಜನವರಿವರೆಗೆ ಸಂಬಳ ಮಾತಾಡಿಯೇ ಕರೆಸುತ್ತೇನೆ. ಆಷಾಢ ಕಳೆದ ಕೂಡಲೇ ಫೋನ್ ಮಾಡಿ ತಾರೀಖು ಹೇಳಿ, ಬಸ್ ಚಾರ್ಜ್ ಕಳಿಸಿಬಿಡುತ್ತೇನೆ.