ಹೊಕ್ಕುಳಲ್ಲೇ ಮುಗಿಯುವ ಅಪೆಂಡಿಕ್ಸ್ ಆಪರೇಷನ್

"ಡಾಕ್ಟ್ರೇ, ಕೀಹೋಲ್ ಇಲ್ಲಿ ಉಂಟಾ, ಮಂಗಳೂರಿಗೇ ಹೋಗ್ಬೇಕಾ?" ಬದಿಯಡ್ಕ, ಪೆರ್ಲ ಕಡೆಯಿಂದ ಮಕ್ಕಳನ್ನು ಕರೆತರುವವರು ಮೊದಲು ಕೇಳುವುದು ಇದನ್ನೇ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್ ಬಗ್ಗೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ. ಅಷ್ಟೇ. ಆದರೆ 2020ರಲ್ಲಿ ಕೊರೋನಾ ಸಮಯದಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಅದು ಎಷ್ಟು ದೂರ ಅಂತ ನಮಗೆಲ್ಲ ಗೊತ್ತಾಯಿತು.

ನಮ್ಮದು ಸಣ್ಣ ಆಸ್ಪತ್ರೆ. ಕರುಳಿಗೆ ಪಿನ್ ಹೊಡೆದು ಮುಚ್ಚುವ ದುಬಾರಿ ಸ್ಟೇಪ್ಲರ್ ಇಲ್ಲ, ಬೇಕಾಗಿಯೂ ಇಲ್ಲ. ಹೊಕ್ಕುಳಲ್ಲಿ ಒಂದು ಸಣ್ಣ ಗಾಯ ಮಾಡಿ, ಕಣ್ಣಿಗೆ ಕಾಣುವಂತೆಯೇ ಪದರ ಪದರವಾಗಿ ಬಿಡಿಸಿ ಒಳಗೆ ಹೋಗುತ್ತೇನೆ. ಕುರುಡಾಗಿ ಸೂಜಿ ಚುಚ್ಚುವುದಿಲ್ಲ, ಮಕ್ಕಳಲ್ಲಿ ದೊಡ್ಡ ರಕ್ತನಾಳಗಳು ತೀರಾ ಹತ್ತಿರ. ಮೂತ್ರಕೋಶವೂ ಹೊಟ್ಟೆಯೊಳಗೆ ಮೇಲಕ್ಕೇ ಇರುತ್ತದೆ, ಅದನ್ನು ಮೊದಲೇ ಖಾಲಿ ಮಾಡಿಸಬೇಕು. ಅದೇ ಗಾಯದಿಂದ ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸುತ್ತೇನೆ, ಆಮೇಲೆ 5 ಮಿ.ಮೀ. ಕ್ಯಾಮೆರಾ, ಪಕ್ಕದಲ್ಲೇ ಹಿಡಿದೆಳೆಯಲು ಒಂದು ಉದ್ದ ಇಕ್ಕಳ. ಅಪೆಂಡಿಕ್ಸಿನ ತುದಿ ಇಕ್ಕಳಕ್ಕೆ ಸಿಕ್ಕಿತೆಂದರೆ ತುಂಬಿದ ಗ್ಯಾಸನ್ನು ಹೊರಗೆ ಬಿಡುತ್ತೇನೆ. ಉಬ್ಬಿದ ಹೊಟ್ಟೆ ಇಳಿಯುತ್ತದೆ, ಕೆಂಪಗೆ ಊದಿದ ಅಪೆಂಡಿಕ್ಸ್ ಹೊಕ್ಕುಳಿನಿಂದ ಹೊರಗೆ ಬರುತ್ತದೆ. ಮಕ್ಕಳ ಹೊಟ್ಟೆಗೋಡೆ ತೆಳು, ಕರುಳೂ ಸಡಿಲ, ಹಾಗಾಗಿ ಇದು ಸಾಧ್ಯ. ಬುಡಕ್ಕೆ ಮಾಮೂಲಿ ವಿಕ್ರಿಲ್ ದಾರ (ಮೈಯೊಳಗೆ ತಾನೇ ಕರಗುವ ಹೊಲಿಗೆ ದಾರ) ಕಟ್ಟಿ ಕತ್ತರಿಸಿದರೆ ಮುಗಿಯಿತು. ಕರುಳನ್ನು ಮೆಲ್ಲನೆ ಒಳಗೆ ಬಿಡಬೇಕು, ಅಷ್ಟೇ. ಗಾಯದ ಗುರುತು ಹೊಕ್ಕುಳಲ್ಲೇ ಅಡಗಿಬಿಡುತ್ತದೆ.

ಅಪೆಂಡಿಕ್ಸ್ ಕರುಳಿನ ಹಿಂದೆ ಅಂಟಿಕೊಂಡಿದ್ದರೆ ಇನ್ನೊಂದು ತೂತು ಮಾಡುತ್ತೇನೆ. ಒಡೆದು ಕೀವು ತುಂಬಿ, ಏನೂ ಸರಿಯಾಗಿ ಕಾಣದಿದ್ದರೆ ಹೊಟ್ಟೆ ತೆರೆದೇ ಮಾಡುತ್ತೇನೆ. ಕ್ಯಾಮೆರಾ ಇದೆ ಅಂತ ಸುಮ್ನೆ ಹಠ ಮಾಡುವುದು ನನಗೆ ಹಿಡಿಸುವುದಿಲ್ಲ.

ಅರಿವಳಿಕೆ ಡಾಕ್ಟರ್ ಇಲ್ಲದೆ ಇದ್ಯಾವುದೂ ನಡೆಯುವುದಿಲ್ಲ, ಹೆಸರು ಮಾತ್ರ ಸರ್ಜನ್‌ಗೆ! ದೊಡ್ಡವರಿಗೆ ಗ್ಯಾಸಿನ ಒತ್ತಡ 12ರಿಂದ 15 ಮಿ.ಮೀ. ಪಾದರಸ (mmHg) ಇಟ್ಟರೆ ನಡೆಯುತ್ತದೆ. ಮಕ್ಕಳಿಗೆ 8ರಿಂದ 10 ಸಾಕು, ಹಸುಗೂಸಿಗೆ ಇನ್ನೂ ಕಡಿಮೆ. ಜಾಸ್ತಿಯಾದರೆ ಎದೆಯನ್ನು ಕೆಳಗಿನಿಂದ ಒತ್ತಿ ಉಸಿರಾಟಕ್ಕೆ ಕಷ್ಟವಾಗುತ್ತದೆ. ತುಂಬುವುದು ಕಾರ್ಬನ್ ಡೈಆಕ್ಸೈಡ್, ಅದು ರಕ್ತಕ್ಕೂ ಸೇರುತ್ತದೆ. ಹೊರಬಿಡುವ ಉಸಿರಿನಲ್ಲಿ ಅದನ್ನು ಅಳೆಯುವ ಮಾನಿಟರ್ ಇಲ್ಲದ ಕಡೆ ನಾನು ಕೇಸ್ ಹಿಡಿಯುವುದಿಲ್ಲ.

ಕ್ಯಾಮೆರಾ ಯಾವ ಕಂಪನಿಯದು ಅಂತ ಹೊಸ ಹುಡುಗರು ಕೇಳುತ್ತಾರೆ. ಉಪಕರಣ ಹೇಗೆ ತೊಳೆಯುತ್ತೀರಿ ಅಂತ ಕೇಳುವವರು ಕಡಿಮೆ. ಇಕ್ಕಳದ ಕೀಲುಗಳನ್ನು ಬಿಚ್ಚಿ ಉಜ್ಜಬೇಕು. ರೋಗಾಣು ಕೊಲ್ಲುವ ದ್ರಾವಣದಲ್ಲಿ ಅದ್ದಿಟ್ಟು ಆಮೇಲೆ ನಲ್ಲಿ ನೀರಲ್ಲಿ ತೊಳೆದರೆ ಮಾಡಿದ್ದೆಲ್ಲ ವ್ಯರ್ಥ. ಟಿಬಿ ಜಾತಿಯ ಕೆಲವು ರೋಗಾಣುಗಳು ನೀರಲ್ಲೇ ಇರುತ್ತವೆ, ಉಪಕರಣದ ಜೊತೆ ಗಾಯಕ್ಕೆ ಸೇರಿಬಿಡುತ್ತವೆ. ಮಗು ಮನೆಗೆ ಹೋಗಿ ವಾರಗಳಾದ ಮೇಲೆ, ಒಣಗಿದ್ದ ಗಾಯ ಗಂಟು ಕಟ್ಟಿ ಒಸರತೊಡಗುತ್ತದೆ. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಅದು ಬಗ್ಗುವುದಿಲ್ಲ, ಔಷಧ ತಿಂಗಳುಗಟ್ಟಲೆ ಬೇಕು.