ಓಣಿಯಲ್ಲಿ ಅಲ್‌ಝೈಮರ್ ಜಾಗೃತಿ ಸಭೆ ನಡೆಸುವ ಬಗೆ

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ವಯಸ್ಸಾದವರು ಹೇಳಿದ್ದನ್ನೇ ಹೇಳತೊಡಗಿದರೆ "ಅರವತ್ತಕ್ಕೆ ಅರಳು ಮರಳು" ಎಂದು ಸುಮ್ಮನಾಗುವುದು ರೂಢಿ. ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಚಿಕಿತ್ಸೆಗೆ ಸಿಗಬೇಕಾದ ಎಷ್ಟೋ ವರ್ಷಗಳನ್ನು ಈ ಒಂದು ಮಾತು ನುಂಗಿಹಾಕುತ್ತದೆ. ಆದ್ದರಿಂದ ಸಭೆಯನ್ನು ಈ ಮಾತಿನಿಂದಲೇ ಆರಂಭಿಸಬೇಕು.

ಸೆಪ್ಟೆಂಬರ್ 21 ವಿಶ್ವ ಅಲ್‌ಝೈಮರ್ ದಿನವಾದರೂ ಅದಕ್ಕಾಗಿ ಕಾಯಬೇಕಾಗಿಲ್ಲ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಅಥವಾ ಗುಡಿಯ ಭಜನೆ ಮುಗಿದ ಮೇಲೆ ಅರ್ಧ ಗಂಟೆ ಕೇಳಿ ಪಡೆಯಿರಿ. ಆಶಾ ಕಾರ್ಯಕರ್ತೆ, ಕಿರಾಣಿ ಅಂಗಡಿಯವರು ಮತ್ತು ಆಟೋ ನಿಲ್ದಾಣದವರನ್ನು ತಪ್ಪದೆ ಕರೆಯಿರಿ, ಏಕೆಂದರೆ ದಾರಿ ತಪ್ಪಿದವರು ಮೊದಲು ಎದುರಾಗುವುದು ಅವರಿಗೇ.

ರೋಗದ ಪರಿಚಯವನ್ನು ಅಡುಗೆಮನೆಯ ಉದಾಹರಣೆಯಿಂದ ಮಾಡಿ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಎಲ್ಲರಿಗೂ ಇದ್ದದ್ದೇ. ಆದರೆ ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಅವ್ವ, ಎಸರು ಕುದಿಯುತ್ತಿರುವಾಗ ಮುಂದೇನು ಮಾಡಬೇಕೆಂದು ತಿಳಿಯದೆ ಹಿಟ್ಟಿನ ಡಬ್ಬಿ ಹಿಡಿದು ನಿಂತರೆ ಅದು ವಯಸ್ಸಿನ ಮರೆವಲ್ಲ. ಮಿದುಳಿನ ಜೀವಕೋಶಗಳು ಕ್ರಮೇಣ ನಾಶವಾಗುವ ಈ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ 1906ರಲ್ಲಿಯೇ ವಿವರಿಸಿದ್ದರು. ಇದು ದೆವ್ವದ ಕಾಟವಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ.

ಪೂರ್ತಿ ಗುಣಪಡಿಸುವ ಔಷಧ ಇಲ್ಲವೆಂಬುದನ್ನು ಮುಚ್ಚಿಡಬೇಡಿ. ಅದರ ಜೊತೆಗೇ, ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ ಮತ್ತು ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವುಗಳಿಗೆ ಚಿಕಿತ್ಸೆ ಇದೆ, ಆದ್ದರಿಂದ ಬೇಗ ತೋರಿಸಬೇಕು ಎಂದು ಒತ್ತಿ ಹೇಳಿ. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಗದಗ, ಹಾವೇರಿಯವರಿಗೂ ಅದು ದೂರವಲ್ಲ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567. ಎರಡನ್ನೂ ಅಂಗಡಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಹೇಗೆ ಮಾತನಾಡಬೇಕೆಂಬುದನ್ನು ಸಭೆಯಲ್ಲಿ ಆಡಿ ತೋರಿಸುವುದೇ ಒಳ್ಳೆಯದು. ಅಜ್ಜ ಮೂರನೆಯ ಸಲ ಚಹಾಪುಡಿ ಕೇಳಲು ಬಂದರೆ "ಈಗಷ್ಟ ಒಯ್ದೀರಲ್ಲ" ಎಂದು ನಾಲ್ಕು ಜನರ ಮುಂದೆ ಅನ್ನಬಾರದು. "ಬರ್ರಿ ಅಜ್ಜಾರ, ಕೂಡ್ರಿ, ನೀರು ಕುಡೀರಿ" ಎಂದು ಕೂರಿಸಿ, ಮನೆಗೆ ಫೋನ್ ಮಾಡಿದರೆ ಸಾಕು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರೊಬ್ಬರು ಮುಂಜಾನೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟೇಬಿಡಬಹುದು. ಅಂಥವರನ್ನು ತಡೆದು ವಾದಿಸುವ ಬದಲು ನಾಲ್ಕು ಹೆಜ್ಜೆ ಜೊತೆಗೆ ನಡೆದು, ಮಾತಾಡುತ್ತ ಮನೆಯ ಕಡೆಗೆ ತಿರುಗಿಸಬೇಕು. ಅಂಗಿಯ ಒಳಜೇಬಿನಲ್ಲಿ ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಯಾವಾಗಲೂ ಇರಲಿ. ಕಾಣೆಯಾದರೆ ತಡಮಾಡದೆ 112ಕ್ಕೆ ಕರೆ ಮಾಡಿ, ಅವರ ಹಳೆಯ ಮನೆ ಮತ್ತು ಹಳೆಯ ಕೆಲಸದ ಜಾಗಗಳಲ್ಲಿ ಮೊದಲು ಹುಡುಕಿ.

ಇಷ್ಟಾದ ಮೇಲೆ ಉಳಿಯುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ರೋಗಿಯ ಜೊತೆ ಹಗಲಿರುಳು ಇರುವವರು ಹೆಚ್ಚಾಗಿ ಮನೆಯ ಸೊಸೆ, ಮಗಳು ಅಥವಾ ಹೆಂಡತಿ; ಅವರಿಗೆ ನಿದ್ದೆಯೂ ಇಲ್ಲ, ಬಿಡುವೂ ಇಲ್ಲ. "ಏನರ ಬೇಕಾದ್ರ ಹೇಳ್ರಿ" ಎಂಬ ಮಾತಿಗೆ ಸಂಕೋಚದಿಂದ ಅವರು ಏನನ್ನೂ ಕೇಳುವುದಿಲ್ಲ. ಆದ್ದರಿಂದ ಸಭೆ ಮುಗಿಯುವ ಮೊದಲು ಒಂದು ವಹಿ ತೆರೆದು, ಯಾರು ಯಾವ ವಾರ ಯಾವ ಎರಡು ಗಂಟೆ ಆ ಮನೆಯಲ್ಲಿ ಕೂರುತ್ತಾರೆಂದು ಹೆಸರು ಸಹಿತ ಬರೆಸಿಕೊಳ್ಳಿ. ಮೊದಲ ಹೆಸರು ನಿಮ್ಮದೇ ಇರಲಿ.